ನ್ಯೂಯಾರ್ಕ್ ಪ್ರೈಮರಿ: 'ಬಂದು ವೋಟ್ ಹಾಕಿ ಸಾರ್' ಅಂದವರನ್ನು ನಂಬಬೇಡಿ

ನ್ಯೂಯಾರ್ಕ್‌ನಲ್ಲಿರುವ ಕನ್ನಡದವರು, ಅದರಲ್ಲೂ ಹೊಸದಾಗಿ ಸಿಟಿಜನ್ ಆದವರು, ದಯವಿಟ್ಟು ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

2025ರ ಜೂನ್ 24ಕ್ಕೆ ಮೇಯರ್ ಚುನಾವಣೆಯ ಪ್ರೈಮರಿ, ಅಂದರೆ ಪಾರ್ಟಿಯ ಅಭ್ಯರ್ಥಿ ಯಾರು ಅಂತ ಆರಿಸುವ ಮತದಾನ, ಇತ್ತು. ಇಲ್ಲಿ ಆ ಪಾರ್ಟಿಗೆ ಹೆಸರು ನೋಂದಾಯಿಸಿದವರಷ್ಟೇ ಅದರಲ್ಲಿ ವೋಟ್ ಹಾಕಬಹುದು. ಮಾರ್ಚ್‌ನಲ್ಲಿ ಒಬ್ಬ ಅಭ್ಯರ್ಥಿಯ ಕಡೆಯ ಹುಡುಗ ಕ್ವೀನ್ಸ್‌ನ ನಮ್ಮ ಮನೆಗೆ ಬಂದ. ನಾನು ನೇರವಾಗಿ ಕೇಳಿದೆ: "ನಾನು ಯಾವ ಪಾರ್ಟಿಗೂ ಸೇರಿಲ್ಲ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ವೋಟ್ ಹಾಕಬಹುದಾ?" "ಈ ಫಾರ್ಮ್ ತುಂಬಿ, ಜೂನ್‌ನಲ್ಲಿ ಬಂದು ಹಾಕಿ, ಅಷ್ಟೇ" ಅಂದ. ಯಾವ ಚೌಕಕ್ಕೆ ಟಿಕ್ ಹಾಕಬೇಕು ಅಂತ ಬೆರಳಿಟ್ಟು ತೋರಿಸಿದ. ಸಹಿ ಹಾಕಿಸಿಕೊಂಡು ಹೋದ.

ಆಗಲೇ ನೋಂದಣಿ ಆದವರು ಪಾರ್ಟಿ ಬದಲಾಯಿಸಲು, ಅಥವಾ ನನ್ನ ಹಾಗೆ ಪಾರ್ಟಿ ಇಲ್ಲದವರು ಒಂದಕ್ಕೆ ಸೇರಲು, ಫೆಬ್ರವರಿ 14 ಕೊನೇ ದಿನ. ಅದು ಆಗಲೇ ಮುಗಿದಿತ್ತು! ಆಮೇಲೆ ಕೊಟ್ಟ ಫಾರ್ಮ್ ಜಾರಿಗೆ ಬರುವುದು ಜೂನ್ ಪ್ರೈಮರಿ ಕಳೆದು ಏಳು ದಿನಕ್ಕೆ. ಊರೂರು ಸುತ್ತಿ ವೋಟ್ ಕೇಳುವವನಿಗೆ ಇದು ಗೊತ್ತಿರಲ್ವಾ?

ಜೂನ್‌ನಲ್ಲಿ ಹೋದಾಗ, ಮತಗಟ್ಟೆಯ ಸಿಬ್ಬಂದಿ ಅಜ್ಜಿ ಟ್ಯಾಬ್ಲೆಟ್‌ನಲ್ಲಿ ನನ್ನ ಹೆಸರು ನೋಡಿ ತಲೆ ಅಲ್ಲಾಡಿಸಿದರು. ಹಿಂದೆ ಕ್ಯೂ ಇತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಅಫಿಡವಿಟ್ ಬ್ಯಾಲೆಟ್ ಕೊಟ್ಟರು, ಅಂದರೆ ಅರ್ಹತೆ ಆಮೇಲೆ ಪರಿಶೀಲಿಸಿ ಎಣಿಸುವ ಮತಪತ್ರ. ಅಭ್ಯರ್ಥಿಗಳಿಗೆ ಇಷ್ಟದ ಕ್ರಮದಲ್ಲಿ ಒಂದರಿಂದ ಐದರವರೆಗೆ ರ‍್ಯಾಂಕ್ ತುಂಬಿ, ಲಕೋಟೆ ಅಂಟಿಸಿ, 'ವೋಟ್ ಹಾಕಿದೆ' ಅನ್ನೋ ಸ್ಟಿಕರ್ ಅಂಗಿಗೆ ಹಚ್ಚಿಕೊಂಡು ಬಂದೆ. ಮನೆಯವರಿಗೆಲ್ಲ ಹೇಳಿದೆ. ಆಮೇಲೆ ಪತ್ರ ಬಂತು: ನೀವು ಆ ಪಾರ್ಟಿಯ ಮತದಾರರಲ್ಲ, ನಿಮ್ಮ ಮತ ಎಣಿಸಿಲ್ಲ. ಆ ಪತ್ರ ಹಿಡಿದು ನಿಂತಾಗ ಆದ ಅವಮಾನ ಹೇಳಲಾರೆ. ಮೇಯರ್ ಯಾರು ಅನ್ನೋದು ಇಲ್ಲಿ ಹೆಚ್ಚಾಗಿ ಈ ಪ್ರೈಮರಿಯಲ್ಲೇ ತೀರ್ಮಾನ ಆಗುತ್ತೆ. ಅದರಲ್ಲೇ ನನ್ನ ಮತ ಲೆಕ್ಕಕ್ಕಿಲ್ಲ.

ಪ್ರಚಾರದ ಆಫೀಸಿಗೆ ಫೋನ್ ಮಾಡಿದೆ. "ನಮ್ಮ ವಾಲಂಟಿಯರ್ ಹಾಗೆ ಹೇಳಿರಲ್ಲ." ಹೇಳಿದ, ನನ್ನ ಬಾಗಿಲಲ್ಲೇ ನಿಂತು ಹೇಳಿದ ಅಂದೆ. "ಅದು ಚುನಾವಣಾ ಮಂಡಳಿಯ ವಿಷಯ. ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಮರೆಯದೆ ವೋಟ್ ಹಾಕಿ." ಒಂದು 'ಕ್ಷಮಿಸಿ' ಕೂಡ ಬಾಯಿಂದ ಬರಲಿಲ್ಲ! ಮೇಲಿಂದ ದೇಣಿಗೆ ಕೇಳಿ ಮೆಸೇಜು.

2016ರಲ್ಲಿ ಟ್ರಂಪ್ ಮಕ್ಕಳಾದ ಇವಾಂಕಾ, ಎರಿಕ್ ಕೂಡ ಇಲ್ಲಿನ ಪ್ರೈಮರಿಯಲ್ಲಿ ಅಪ್ಪನಿಗೆ ವೋಟ್ ಹಾಕಲು ಆಗಲಿಲ್ಲ. ಆಗ ಪಾರ್ಟಿ ಬದಲಾವಣೆಯ ಗಡುವು ಹಿಂದಿನ ವರ್ಷದ ಅಕ್ಟೋಬರ್‌ಗೇ ಮುಗಿದಿತ್ತು. ಅಂಥವರನ್ನೇ ಬಿಡದ ನಿಯಮ ಇದು.

ಊರಲ್ಲಿ ಲಿಸ್ಟ್‌ನಲ್ಲಿ ಹೆಸರಿದ್ದರೆ ಆಯ್ತು, ಟಿಕೆಟ್ ಯಾರಿಗೆ ಅನ್ನೋದು ಪಾರ್ಟಿಯವರ ಪಾಡು. ಇಲ್ಲಿ ಹಾಗಲ್ಲ. ಫೆಬ್ರವರಿ 14ಕ್ಕೆ ಮುಂಚೆಯೇ ಚುನಾವಣಾ ಮಂಡಳಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ಪಾರ್ಟಿ ಇದೆ ನೋಡಿ. ಮೊದಲ ಸಲ ನೋಂದಣಿ ಮಾಡುವವರಿಗೆ ಜಾಸ್ತಿ ಸಮಯ ಇದೆ, ಆದರೆ ಪಾರ್ಟಿಯನ್ನು ಆಗಲೇ ಆರಿಸಿ. ಪಕ್ಕದ ನ್ಯೂಜೆರ್ಸಿಯಲ್ಲಿ ಪಾರ್ಟಿ ಇಲ್ಲದವರು ಪ್ರೈಮರಿ ದಿನವೇ ಪಾರ್ಟಿ ಆರಿಸಬಹುದು, ಅಲ್ಲಿರುವ ಗೆಳೆಯರ ಮಾತು ಕೇಳಿ ಇಲ್ಲಿ ಸುಮ್ಮನೆ ಕೂರಬೇಡಿ. ಬಾಗಿಲಿಗೆ ಫಾರ್ಮ್ ತಂದವರನ್ನಂತೂ ಗಡುವು ಯಾವತ್ತು ಅಂತ ಮೊದಲು ಕೇಳಿ. ತಡವರಿಸಿದರೆ ಸಹಿ ಹಾಕಬೇಡಿ.