ಎರಡು ಗುಂಡಿ, ಒಂದು ವರದಿ: ಎರೆ ಹೊಲದ ಮಣ್ಣು ನೋಡಿಸಿದ ಕಥೆ

"ಮಣ್ಣ ನೋಡಾಕ ಒಂಬತ್ತ ಸಾವಿರ ಕೊಟ್ಟಿಯೇನೋ ತಮ್ಮಾ, ಅದೇನ ಬಂಗಾರದ ಮಣ್ಣೇನ?" ಎಂದು ಕಾಕಾ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ವರದಿ ಕೈಗೆ ಬಂದು ಒಂದು ಹಿಂಗಾರಿ ಮುಗಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಾಡಿಕೊಟ್ಟವರ ಹೆಸರು ಹಾಕುವುದಿಲ್ಲ. ಕೆಲವು ಕಡೆ ಬೈದಿದ್ದೇನೆ, ಸುಮ್ನೆ ಜಗಳ ಯಾಕೆ. ಖಾಸಗಿಯವರು, ಹೊಲಕ್ಕೇ ಬಂದು ಗುಂಡಿ ತೆಗೆಸಿ, ಮಣ್ಣು ಲ್ಯಾಬಿಗೆ ಹಾಕಿ, ಮಳೆ ಮತ್ತು ಇಳಿಜಾರಿನ ಲೆಕ್ಕ ಸೇರಿಸಿ ವರದಿ ಕೊಡುತ್ತಾರೆ. ಎರಡು ಗುಂಡಿಗೆ 9,000 ರೂಪಾಯಿ. ಜೆಸಿಬಿ ಬಾಡಿಗೆ ಬೇರೆ, ಅದು ನಮ್ಮ ಲೆಕ್ಕ.

ಹೊಲ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣೆಹಳ್ಳದ ಕಡೆ. ಎಂಟು ಎಕರೆ. ಮೇಲಿನ ತುದಿ ಮಡ್ಡಿಗೆ (ಎತ್ತರದ ಗಟ್ಟಿ ನೆಲಕ್ಕೆ) ಹತ್ತಿದೆ, ಕೆಳಗಿನ ತುದಿ ಹಳ್ಳಕ್ಕೆ ಇಳಿಯುತ್ತದೆ. ನಿಂತು ನೋಡಿದರೆ ಎಲ್ಲಾ ಒಂದೇ ಕಪ್ಪು, ಒಂದೇ ಎರೆ. ಆದರೆ ಮೇಲಿನ ಹತ್ತಿ ದೀಪಾವಳಿ ಹೊತ್ತಿಗೆ ಬಾಡಿ ನಿಲ್ಲುತ್ತದೆ. ಕೆಳಗಿನದು ಹಸಿರಾಗೇ ಇರುತ್ತದೆ, ಆದರೆ ಮಳೆ ಜಾಸ್ತಿಯಾದ ವರ್ಷ ನೀರು ನಿಂತು ಹಳದಿಯಾಗುತ್ತದೆ. ಅಪ್ಪ ಇರುವಾಗ "ಮ್ಯಾಲಿನ ಹೊಲ ಬಡವಿ" ಎಂದು ಹೇಳಿ ಮುಗಿಸುತ್ತಿದ್ದರು. ನನಗೆ ಕೆಳಗಿನ ಮೂರು ಎಕರೆಗೆ ನಿಂಬೆ ಹಾಕುವ ಆಸೆ ಬಂದಿತ್ತು. ಗಿಡಕ್ಕೆ, ಡ್ರಿಪ್‌ಗೆ ದುಡ್ಡು ಸುರಿಯುವ ಮೊದಲು ಒಮ್ಮೆ ನೋಡಿಸೋಣ ಅನ್ನಿಸಿತು.

ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಇಲ್ವಾ ಅಂತ ಕೇಳಬಹುದು. ಇದೆ. 2015ರಲ್ಲಿ ಶುರುವಾದ ಯೋಜನೆ, ಪುಕ್ಕಟೆ, 12 ಅಂಶ ನೋಡುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್ (ಹುಳಿ-ಕ್ಷಾರದ ಅಳತೆ), ಲವಣಾಂಶ, ಸಾವಯವ ಇಂಗಾಲ. ಗೊಬ್ಬರದ ಲೆಕ್ಕಕ್ಕೆ ಸಾಕು. ಆದರೆ ಆ ಯೋಜನೆ ಶುರುವಾದಾಗ ಮಳೆ ಆಶ್ರಯದ ಜಮೀನಿನಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಎಂಬ ಚೌಕದ ಲೆಕ್ಕ ಇತ್ತು. ಹತ್ತು ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ನನ್ನ ಕಾರ್ಡಿನ ಮಣ್ಣು ನನ್ನ ಹೊಲದ್ದೋ ಬದುವಿನಾಚೆಯವರದ್ದೋ ಯಾರಿಗೆ ಗೊತ್ತು! ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಮಾದರಿ ತೆಗೆಯುವುದು ಮೇಲಿನ ಒಂದು ಗೇಣು ಮಣ್ಣಿನಿಂದ. ಕೆಳಗೆ ಏನಿದೆ ಅಂತ ಆ ಕಾರ್ಡ್ ಕೇಳುವುದೇ ಇಲ್ಲ.

ಹೇಳಿದ ದಿನಕ್ಕೆ ಇಬ್ಬರು ಬಂದರು, ಅದಕ್ಕೊಂದು ಅಂಕ. ಒಬ್ಬ ಹುಡುಗ, ಒಬ್ಬರು ವಯಸ್ಸಾದವರು. ಹುಡುಗ ಅಲ್ಲಲ್ಲಿ ಇಂಗ್ಲಿಷಿನ ವಿ ಆಕಾರದಲ್ಲಿ ಮಣ್ಣು ಕೊಯ್ದು ಬಟ್ಟೆಯ ಚೀಲಕ್ಕೆ ಹಾಕುತ್ತಾ ಹೋದ. ಗೊಬ್ಬರದ ತಿಪ್ಪೆ, ಒಡ್ಡು, ಗಿಡದ ನೆರಳು ಮೂರನ್ನೂ ಬಿಟ್ಟೇ ನಡೆದ. ಹಿರಿಯರು ಮಾತ್ರ ಜೆಸಿಬಿ ಗುಂಡಿ ತೆಗೆಯುವ ತನಕ ಬೇವಿನ ಬುಡದಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಇವರಿಗೆ ಯಾಕೆ ದುಡ್ಡು ಅಂತ ಒಳಗೊಳಗೇ ಅಂದುಕೊಂಡೆ.

ಆಮೇಲೆ ಅವರು ಚಪ್ಪಲಿ ಬಿಟ್ಟು ಕೆಳಗಿನ ಗುಂಡಿಗೆ ಇಳಿದರು. ಐದು ಅಡಿ ಆಳ. ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು, ಟೇಪು ಇಳಿಬಿಟ್ಟು, ಒಂದೊಂದು ಪದರದ ಹೆಂಟೆ ಒಡೆದು ನೋಡುತ್ತಾ ಒಂದು ಗಂಟೆ ಅಲ್ಲೇ ಇದ್ದರು. ಎರಡು ಅಡಿ ಕೆಳಗೆ ಒಂದು ಹೆಂಟೆ ಬಿಡಿಸಿ ನನ್ನ ಕೈಗೆ ಕೊಟ್ಟರು. ಅದರ ಒಂದು ಮುಖ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಬೆರಳಾಡಿಸಿದರೆ ನುಣುಪು, ಸಣ್ಣಗೆ ಗೀರು. ಮಳೆಗಾಲದಲ್ಲಿ ಮಣ್ಣು ಉಬ್ಬಿ, ಜಾಗ ಸಾಲದೆ ಒಂದರ ಮೇಲೊಂದು ಜಾರಿ ಉಜ್ಜಿಕೊಂಡ ಗುರುತು ಅದು. ಬೇಸಿಗೆಯಲ್ಲಿ ಇದೇ ಮಣ್ಣು ಕುಗ್ಗಿ ಬಿರಿಯುತ್ತದೆ, ಕುಡುಗೋಲು ಬಿದ್ದರೆ ಕೈಗೆ ಸಿಗುವುದಿಲ್ಲ, ಅದು ನಮಗೆಲ್ಲಾ ಗೊತ್ತು. ಆದರೆ ಒಳಗೆ ಹೀಗೆ ಉಜ್ಜಾಟ ನಡೆದಿರುತ್ತದೆ ಅಂತ ನಲವತ್ತು ವರ್ಷ ಅದೇ ಹೊಲದಲ್ಲಿ ಓಡಾಡಿದ ನನಗೆ ಗೊತ್ತಿರಲಿಲ್ಲ. ಮೂರು ಅಡಿ ದಾಟಿದ ಮೇಲೆ ಬಿಳಿ ಸುಣ್ಣದ ಹರಳು ಶುರು. ಸಣ್ಣ ಬಾಟಲಿಯಿಂದ ಎರಡು ಹನಿ ಆಸಿಡ್ ಬಿಟ್ಟರು, ಸೋಡಾ ಬಾಟಲಿ ಬಿಚ್ಚಿದ ಹಾಗೆ ಬುರುಬುರು ಎಂದಿತು.

ಮೇಲಿನ ಗುಂಡಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದೂವರೆ ಅಡಿಗೇ ಜೆಸಿಬಿ ಹಲ್ಲು ಕರ್ ಎಂದಿತು. ಕೆಳಗೆ ಬರೀ ಗರಸು. "ಮಣ್ಣ ಮುಗೀತ್ರಿ ಇಲ್ಲಿಗೆ" ಎಂದರು ಹಿರಿಯರು. ನನಗೆ ಉತ್ತರ ಅಲ್ಲೇ ಸಿಕ್ಕಿತ್ತು, ವರದಿಗೆ ಕಾಯಬೇಕಿರಲಿಲ್ಲ.

ಮೂರು ವಾರ ಅಂದವರು ಏಳು ವಾರಕ್ಕೆ ವರದಿ ಕಳಿಸಿದರು. ನಾನು ಮೂರು ಸಲ ಫೋನ್ ಮಾಡಿದೆ, ಮೂರೂ ಸಲ "ನಾಳೆ ಸರ್". ಇದಕ್ಕೆ ಒಂದು ಅಂಕ ಕಳೆದಿದ್ದೇನೆ.

ವರದಿಯ ಲ್ಯಾಬ್ ಭಾಗ ಅಚ್ಚುಕಟ್ಟಾಗಿದೆ. ಮೇಲುಮಣ್ಣಿನ ಅಂಕಿ ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ಮೇಲಿನ ಹೊಲದ ಪಿಎಚ್ 8.3, ಕೆಳಗಿನದು 8.4. ಸಾವಯವ ಇಂಗಾಲ 0.44 ಮತ್ತು 0.46, ಎರಡೂ 0.5ಕ್ಕಿಂತ ಕೆಳಗೆ, ಅಂದರೆ ಕಡಿಮೆ. ಜೇಡಿಯಂಶ 52 ಮತ್ತು 57 ಪರ್ಸೆಂಟ್. ಸತು ಎರಡೂ ಕಡೆ ಕೊರತೆಯ ಗೆರೆಯಾದ 0.6ಕ್ಕಿಂತ ಕೆಳಗೆ. ಇಷ್ಟನ್ನೇ ನೋಡಿದರೆ ಎರಡೂ ಅಣ್ಣತಮ್ಮಂದಿರ ಹೊಲ, ಒಂದೇ ಬೆಳೆ ಹಾಕಿ ಅನ್ನಬೇಕು. ಕಾರ್ಡ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ವ್ಯತ್ಯಾಸ ಇರುವುದು ಆಳದಲ್ಲಿ. ಕೆಳಗಿನ ಗುಂಡಿಯಲ್ಲಿ ಮೂರು ಅಡಿ ದಾಟಿದ ಮೇಲೆ ಪಿಎಚ್ 9.0, ಜೇಡಿಗೆ ಅಂಟಿಕೊಂಡ ಅಂಶಗಳಲ್ಲಿ ಸೋಡಿಯಂ ಪಾಲು 11 ಪರ್ಸೆಂಟ್. ಪುಸ್ತಕದ ಪ್ರಕಾರ 15 ದಾಟಿದರೆ ಕರ್ಲು (ಸೋಡಿಯಂ ಹೆಚ್ಚಾಗಿ ಕೆಟ್ಟ) ಭೂಮಿ, ಹಾಗಾಗಿ ಇದು ಇನ್ನೂ ಪಾಸು. ಆದರೆ ಇಷ್ಟು ಜೇಡಿ ಇರುವ ಎರೆಯಲ್ಲಿ ಐದಾರು ದಾಟಿದರೇ ಮಣ್ಣಿನ ರಂಧ್ರ ಕಟ್ಟಿಕೊಳ್ಳಲು ಶುರುವಾಗಿ ನೀರು ಇಳಿಯುವುದು ನಿಧಾನ ಆಗುತ್ತದೆ ಎಂದು ವರದಿಯಲ್ಲಿ ಬಿಡಿಸಿ ಬರೆದಿದ್ದಾರೆ. ಹಳದಿ ಹತ್ತಿಗೆ ಕಾರಣ ಅದು. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆ ಎಷ್ಟೋ ಒಳ್ಳೆ ಎರೆ ನೀರು ನಿಂತು ಜವುಳು ಹಿಡಿದು, ಉಪ್ಪೇರಿ ಸವುಳಾಗಿದ್ದನ್ನು ಕಣ್ಣಾರೆ ಕಂಡವರು ನಾವು. ಹಾಳಾದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದಿದ್ದಕ್ಕೇ ಅಲ್ವಾ 1980ರಲ್ಲಿ ನವಲಗುಂದ ನರಗುಂದ ಎರಡೂ ರೈತ ಬಂಡಾಯದಲ್ಲಿ ಹೊತ್ತಿ ಉರಿದದ್ದು. ನಿಂಬೆಗೆ ನೀರು ಬಸಿಯಬೇಕು, ಸುಣ್ಣ ಜಾಸ್ತಿ ಇದ್ದರೆ ಕಬ್ಬಿಣ ಸಿಗದೆ ಎಲೆ ಬಿಳಿಚುತ್ತದೆ. ಅಲ್ಲಿ ಡ್ರಿಪ್ ಹಾಕಿ ವರ್ಷವಿಡೀ ತೇವ ಇಟ್ಟಿದ್ದರೆ ಏನಾಗುತ್ತಿತ್ತೋ.

ನನಗೆ ತುಂಬಾ ಇಷ್ಟವಾದದ್ದು ನೀರಿನ ಲೆಕ್ಕದ ಪುಟ. ಎರೆ ನೀರು ಹಿಡಿಯುತ್ತದೆ ಎನ್ನುತ್ತೇವೆ, ಆದರೆ ಹಿಡಿದದ್ದೆಲ್ಲಾ ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಜೇಡಿ ಒಂದಷ್ಟನ್ನು ಮುಷ್ಟಿ ಕಟ್ಟಿ ಇಟ್ಟುಕೊಳ್ಳುತ್ತದೆ. ಅದನ್ನು ಕಳೆದು, ಗಿಡಕ್ಕೆ ಸಿಗುವಷ್ಟನ್ನೇ ಲ್ಯಾಬಿನಲ್ಲಿ ಒತ್ತಡ ಹಾಕಿ ಅಳೆದಿದ್ದಾರೆ. ಒಂದು ಸೆಂಟಿಮೀಟರ್ ಮಣ್ಣಿಗೆ ಸುಮಾರು 1.8 ಮಿಲಿಮೀಟರ್ ನೀರು. ಮೇಲಿನ ಹೊಲದ 45 ಸೆಂಟಿಮೀಟರಿಗೆ 80 ಮಿಲಿಮೀಟರ್. ಕೆಳಗೆ 140 ಸೆಂಟಿಮೀಟರಿಗೆ 250. ಹಿಂಗಾರಿಯಲ್ಲಿ ತುಂಬಿದ ಬೆಳೆ ದಿನಕ್ಕೆ 4 ಮಿಲಿಮೀಟರ್ ಕುಡಿಯುತ್ತದೆ ಎಂದು ಒರಟು ಲೆಕ್ಕ ಹಿಡಿದರೆ ಮೇಲೆ 20 ದಿನ, ಕೆಳಗೆ ಎರಡು ತಿಂಗಳು. ನಮ್ಮಲ್ಲಿ ಮಳೆ ಅಕ್ಟೋಬರ್ ಮಧ್ಯಕ್ಕೆ ಕೈಬಿಡುತ್ತದೆ. ಅಲ್ಲಿಂದ 20 ದಿನ ಎಣಿಸಿ. ದೀಪಾವಳಿ ಬರುತ್ತದೆ. ಅಪ್ಪ ಬಡವಿ ಎಂದ ಹೊಲದಲ್ಲಿ ಕೆಳಗಿನದಕ್ಕಿಂತ ಸಾರ ಕಡಿಮೆ ಇರಲಿಲ್ಲ, ಕೊಡ ಸಣ್ಣದಿತ್ತು ಅಷ್ಟೇ. ಅದಕ್ಕೆ ಎಷ್ಟು ವರ್ಷ ಯೂರಿಯಾ ಸುರಿದಿದ್ದೇವೋ ಲೆಕ್ಕ ಇಟ್ಟಿಲ್ಲ.

ಇನ್ನು ಬೈಯುವ ವಿಷಯ. ಹವಾಮಾನದ ಪುಟದಲ್ಲಿ ಧಾರವಾಡ ಊರಿನ ಮಳೆ ಸರಾಸರಿ ಅಂಟಿಸಿದ್ದರು! ಧಾರವಾಡ ಮಲೆನಾಡಿನ ಅಂಚು, ಅಲ್ಲಿ ಛತ್ರಿ ಬಿಚ್ಚಿದ ದಿನ ನಮ್ಮಲ್ಲಿ ಧೂಳು ಹಾರುತ್ತಿರುತ್ತದೆ. ಜಿಲ್ಲೆ ಒಂದೇ ಅಂತ ಮಳೆ ಒಂದೇ ಆಗುತ್ತದಾ? ರಾಜ್ಯದಲ್ಲಿ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಇವೆ. ಅದನ್ನು ಹೇಳಿ ಜಗಳ ಮಾಡಿದ ಮೇಲೆ ಆ ಪುಟ ಬದಲಿಸಿ ಕಳಿಸಿದರು. ಕೇಳದಿದ್ದರೆ ಹಾಗೇ ಇರುತ್ತಿತ್ತು. ನೀವು ಮಾಡಿಸಿದರೆ ಮೊದಲು ಆ ಪುಟವನ್ನೇ ತೆಗೆದು ನೋಡಿ. ವರ್ಷದ ಒಟ್ಟು ಮಳೆಗಿಂತ ತಿಂಗಳುವಾರು ಮಳೆ ಕೇಳಿ. ನಮಗೆ ಸೆಪ್ಟೆಂಬರ್ ಮುಖ್ಯ, ಜುಲೈ ಅಲ್ಲ.

ಇಳಿಜಾರಿನ ನಕ್ಷೆ ಬಣ್ಣ ಬಣ್ಣವಾಗಿ ಚೆಂದ ಇದೆ, ಗೋಡೆಗೆ ಹಾಕಬಹುದು. ಆದರೆ ಅದು ಉಪಗ್ರಹದ 30 ಮೀಟರ್ ಚೌಕದ ಲೆಕ್ಕ. ನಮ್ಮ ಎಂಟು ಎಕರೆಗೆ ಬರುವುದು ಬರೀ 36 ಚೌಕ. ಒಡ್ಡು ಕಾಣುವುದಿಲ್ಲ, ಒಡ್ಡು ಒಡೆದು ನೀರು ಕೊರೆದ ಜಾಗ ಕಾಣುವುದಿಲ್ಲ. ಮಡ್ಡಿ ಎಲ್ಲಿ ಮುಗಿದು ಎರೆ ಎಲ್ಲಿ ಆಳವಾಗುತ್ತದೆ ಎಂಬುದನ್ನು ಹಿರಿಯರು ಆಗರ್ (ಮಣ್ಣು ಕೊರೆದು ತೆಗೆಯುವ ಸಲಕರಣೆ) ಚುಚ್ಚುತ್ತಾ ನಡೆದು ಪೆನ್ಸಿಲಿನಲ್ಲಿ ಎಳೆದ ಗೆರೆಯೇ ಸರಿ ಇತ್ತು. ವರದಿಯಲ್ಲಿ ಅದನ್ನು ಕೊನೆಯ ಪುಟಕ್ಕೆ ತಳ್ಳಿದ್ದಾರೆ. ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ 1:7920 ಅಳತೆಯ ಸರ್ವೆ ನಕ್ಷೆ ಹಿಡಿದು ಹೊಲ ಹೊಲ ಸುತ್ತಿ ಭೂಸಂಪನ್ಮೂಲ ಸಮೀಕ್ಷೆ ಮಾಡಿದ್ದರು. ನಿಮ್ಮ ಊರಿಗೆ ಅದು ಆಗಿದ್ದರೆ ಆ ಕಾರ್ಡ್ ಮೊದಲು ಕೇಳಿ ತೆಗೆದುಕೊಳ್ಳಿ, ಆಮೇಲೆ ದುಡ್ಡು ಕೊಡುವ ಯೋಚನೆ ಮಾಡಿ.

ವರದಿ ಪೂರ್ತಿ ಇಂಗ್ಲಿಷ್. ಕೆಳಗಿನ ಮಣ್ಣಿಗೆ ಟಿಪಿಕ್ ಹ್ಯಾಪ್ಲಸ್ಟರ್ಟ್ ಎಂದು ಹೆಸರು ಕೊಟ್ಟಿದ್ದಾರೆ, ಮೇಲಿನದಕ್ಕೆ ವರ್ಟಿಕ್ ಹ್ಯಾಪ್ಲಸ್ಟೆಪ್ಟ್. ಮೊದಲು ಕಾಯಿಲೆ ಹೆಸರು ಅಂದುಕೊಂಡೆ. ಹಿರಿಯರಿಗೆ ಫೋನ್ ಮಾಡಿದರೆ ಬೇಸರಿಲ್ಲದೆ ಬಿಡಿಸಿ ಹೇಳಿದರು. ಕೊನೆಯ "ಅರ್ಟ್" ಅಂದರೆ ವರ್ಟಿಸಾಲ್, ಉಬ್ಬಿ ಬಿರಿದು ತನ್ನನ್ನು ತಾನೇ ತಿರುವಿಹಾಕುವ ಮಣ್ಣು. ನಡುವಿನ "ಅಸ್ಟ್" ಹವಾಮಾನದ ಗುರುತು, ಸುಟ್ಟದ್ದು ಎನ್ನುವ ಲ್ಯಾಟಿನ್ ಪದದಿಂದ ಬಂದದ್ದಂತೆ. ಬೆಳೆ ಬೆಳೆಯುವ ಹೊತ್ತಿಗೆ ತೇವ ಇದ್ದು ಉಳಿದ ಕಾಲ ಒಣಗುವ ಸೀಮೆ. "ಹ್ಯಾಪ್ಲ್" ಅಂದರೆ ಸಾದಾ. ಮೇಲಿನದು ಇನ್ನೂ ಪೂರ್ತಿ ಎರೆ ಆಗದ, ಆಳವಿಲ್ಲದ ಮಣ್ಣು. ಮಳೆ, ಲ್ಯಾಬು, ಗುಂಡಿ ಮೂರೂ ಆ ಒಂದು ಹೆಸರಿನಲ್ಲಿ ಕೂತಿವೆ. ಈ ಮಾತನ್ನೇ ಕನ್ನಡದಲ್ಲಿ ಅರ್ಧ ಪುಟ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಗೊಬ್ಬರದ ಸಲಹೆಯಂತೂ ಎಲ್ಲಿಂದಲೋ ಎತ್ತಿ ಹಾಕಿದ್ದು, ಮೊದಲೇ ಸುಣ್ಣ ತುಂಬಿದ ನಮ್ಮ ಎರೆ ಹೊಲಕ್ಕೆ ಸುಣ್ಣ ಹಾಕಿ ಎಂದು ಒಂದು ಸಾಲು ಇತ್ತು. ಸೋಡಿಯಂ ತಗ್ಗಿಸುವ ಜಿಪ್ಸಂ ಅಂದಿದ್ದರೆ ಒಪ್ಪುತ್ತಿದ್ದೆ.

ನಿಂಬೆ ಕೈಬಿಟ್ಟೆ. ಮೇಲಿನ ಹೊಲಕ್ಕೆ ಹತ್ತಿ ನಿಲ್ಲಿಸಿದೆ, ಮುಂಗಾರಿ ಹೆಸರುಕಾಳು ಹಾಕಿ ಬಿಟ್ಟುಬಿಡುವುದು. ಕೆಳಗೆ ಅಣ್ಣಿಗೇರಿ-1 ತಳಿಯ ಕಡಲೆ, ಹಳ್ಳದ ಕಡೆಗೆ ಒಂದು ಬಸಿಗಾಲುವೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಮೂರು ಅಂಕ, ಗುಂಡಿಗೆ ಇಳಿದ ಹಿರಿಯರದ್ದು.

ಒಂದು ಮಾತು ಮಾತ್ರ, ಗುಂಡಿ ಮುಚ್ಚುವಾಗ ನೀವೇ ನಿಲ್ಲಿ. ತಳದ ಮಣ್ಣು ಮೊದಲು ತಳಕ್ಕೆ, ಮೇಲುಮಣ್ಣು ಕೊನೆಗೆ. ನಾನು ಊಟಕ್ಕೆ ಹೋಗಿದ್ದೆ, ಜೆಸಿಬಿಯವನು ಉಲ್ಟಾ ತಳ್ಳಿ ಹೋದ. ಈ ಸಲ ಕೆಳಗಿನ ಹೊಲವೆಲ್ಲಾ ಕಡಲೆ ಎದ್ದಿತ್ತು, ನಡುವೆ ಮಂಚದಷ್ಟು ಜಾಗ ಮಾತ್ರ ಬೋಳು, ಮೇಲೆ ಬಿಳಿ ಹರಳು.