ಮೊಮ್ಮಕ್ಕಳಿಗೆ ಗೊಂಬೆ ಹೆಣೆಯುವವರೇ, ಆನ್‌ಲೈನ್‌ನಲ್ಲಿ ದಾರ ತರಿಸೋ ಮುಂಚೆ ಇದನ್ನು ಓದಿ

ಇದನ್ನು ಬರೆಯೋಕೆ ನನಗೇ ನಾಚಿಕೆ. ನಲವತ್ತು ವರ್ಷದಿಂದ ಕ್ರೋಶಾ ಕಡ್ಡಿ ಹಿಡಿದವಳು ನಾನು. ಬಾಗಿಲ ತೋರಣ, ಟೀವಿ ಕವರ್, ಮಗಳ ಕುಲಾವಿ, ಎಲ್ಲ ನನ್ನ ಕೈಯದ್ದೇ. ಅಂಥವಳು ದಾರದ ವಿಷಯದಲ್ಲೇ ಟೋಪಿ ಹಾಕಿಸಿಕೊಂಡೆ.

ಮೊಮ್ಮಗಳಿಗೆ ವರ್ಷ ತುಂಬುವುದಿತ್ತು. ಆನೆ ಗೊಂಬೆ ಮಾಡಿಕೊಡೋಣ ಅಂತ ಆಸೆ. ಬೂದು ಮೈ, ಕೆಂಪು ಕಿವಿ. ದಾರಕ್ಕೆ ಚಿಕ್ಕಪೇಟೆಗೆ ಹೋಗಬೇಕು, ನನಗೋ ಮಂಡಿ ನೋವು. ಅಷ್ಟರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ವಿಡಿಯೋ ಬಂತು. ಉಂಡೆ ಉಂಡೆ ದಾರ, ಬೆಣ್ಣೆ ಹಾಗೆ ಕಾಣುತ್ತಿತ್ತು. 'ನೂರಕ್ಕೆ ನೂರು ಕಾಟನ್, ಪುಟ್ಟ ಮಕ್ಕಳಿಗೆ ಪೂರ್ತಿ ಸೇಫ್' ಅಂತ ಬರೆದಿತ್ತು. ವಾಟ್ಸಾಪ್ ಮಾಡಿದೆ. "ಆಂಟಿ, ಧೈರ್ಯವಾಗಿ ತಗೊಳ್ಳಿ, ನಮ್ಮ ಮನೆ ಮಗೂಗೂ ಇದರಲ್ಲೇ ಮಾಡೋದು" ಅಂದಳು ಆ ಹುಡುಗಿ. 50 ಗ್ರಾಮಿನ 14 ಉಂಡೆ, ಗೊಂಬೆ ಕಣ್ಣು, ಒಳಗೆ ತುಂಬುವ ಫೈಬರ್, ಕೊರಿಯರ್ ಸೇರಿ 1,850 ರೂಪಾಯಿ. ಕ್ಯಾಶ್ ಆನ್ ಡೆಲಿವರಿ ಇಲ್ಲವಂತೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಜೀಪೇ ಮಾಡಿಬಿಟ್ಟೆ.

ಪಾರ್ಸೆಲ್ ಬಂದಾಗ ಬೂದು ದಾರ ಸ್ವಲ್ಪ ಜಾಸ್ತಿನೇ ಹೊಳೆಯುತ್ತಿತ್ತು, ಕಡ್ಡಿಯ ಮೇಲೆ ಜಾರುತ್ತಿತ್ತು. ಒಳ್ಳೇ ಕಾಟನ್‌ಗೂ ಹೊಳಪು ಇರುತ್ತಲ್ವಾ ಅಂದುಕೊಂಡು ಸುಮ್ಮನಾದೆ. ಶುರುವಿಗೆ ದಾರದ ಉಂಗುರ, ಅದೇ ಮ್ಯಾಜಿಕ್ ರಿಂಗ್, ಅದರಲ್ಲಿ 6 ಹೆಣಿಗೆ, ಮುಂದಿನ ಸುತ್ತಿಗೆ 12, ಆಮೇಲೆ 18, ಹೀಗೆ ಎಣಿಸಿ ಎಣಿಸಿ ಮೂರು ವಾರ ಕೂತೆ. ಸೊಂಡಿಲನ್ನೇ ಎರಡು ಸಲ ಬಿಚ್ಚಿ ಹಾಕಿದೆ.

ಹುಟ್ಟುಹಬ್ಬದ ದಿನ ಎಲ್ಲರೂ ಕೈಗೆ ತಗೊಂಡು ನೋಡಿದರು, ಹೊಗಳಿದರು. ಮಗು ಮಾಡೋದೇನು, ಆನೆ ಕಿವಿ ಸೀದಾ ಬಾಯಿಗೆ. ಹತ್ತು ನಿಮಿಷ ಆಗಿರಬೇಕು. ಮಗಳು "ಅಮ್ಮಾ, ರಕ್ತ!" ಅಂತ ಕಿರುಚಿದಳು. ನನ್ನ ಎದೆ ಧಸಕ್ ಅಂತು. ತುಟಿ, ಗಲ್ಲ, ಹೊಸಾ ಬಿಳಿ ಫ್ರಾಕಿನ ಎದೆ, ಎಲ್ಲ ಕೆಂಪು. ಒರೆಸಿ ನೋಡಿದರೆ ರಕ್ತ ಅಲ್ಲ, ನನ್ನ ದಾರದ ಬಣ್ಣ. ಆ ಗಡಿಬಿಡಿಯಲ್ಲಿ ಅಳಿಯ ಗೊಂಬೆ ಎಳೆದುಕೊಂಡರು, ಒಂದು ಕಣ್ಣು ಕಳಚಿ ನೆಲಕ್ಕೆ ಬಿತ್ತು. ಕಣ್ಣಿನ ಹಿಂದೆ ಒತ್ತಿ ಕೂರಿಸುವ ವಾಷರ್ ಅಷ್ಟು ಸಡಿಲ. ಅದು ಮಗುವಿನ ಬಾಯಲ್ಲಿ ಕಳಚಿದ್ದರೆ? ಈಗಲೂ ಅದೇ ಯೋಚನೆ, ರಾತ್ರಿ ಎದ್ದು ಕೂರುತ್ತೇನೆ.

ಬೀಗಿತ್ತಿ ಒಳ್ಳೆಯವರೇ, ಬೈಯಲಿಲ್ಲ. "ಪರವಾಗಿಲ್ಲ ಬಿಡಿ, ಅಂಗಡೀಲಿ ಒಂದು ತಂದಿದ್ರೂ ಆಗ್ತಿತ್ತು" ಅಂದರು. ಬೈದಿದ್ದರೇ ವಾಸಿ ಇತ್ತು.

ಮನೆಗೆ ಬಂದು ದಾರ ಮಾರಿದ ಆ ಹುಡುಗಿಗೆ ಫೋಟೋ ಸಮೇತ ಬರೆದು ಕಳಿಸಿದೆ. ಮೊದಲ ಉತ್ತರ: "ಆಂಟಿ, ಡಾರ್ಕ್ ಕಲರ್ ಅಂದ್ಮೇಲೆ ಸ್ವಲ್ಪ ಬಿಡುತ್ತೆ." ಆಮೇಲೆ "ನೀವು ಮೊದಲೇ ಉಪ್ಪುನೀರಲ್ಲಿ ನೆನೆಸಬೇಕಿತ್ತು." ಸರಿ, ಕಣ್ಣಿನ ಕಥೆ ಏನಮ್ಮಾ ಅಂದೆ. "ನೀವು ಸರಿಯಾಗಿ ಒತ್ತಿಲ್ಲ." ಮಗು ಬಾಯಿಗೆ ಹಾಕಿಕೊಂಡಿತಲ್ಲ ಅಂದಿದ್ದಕ್ಕೆ ಬಂದ ಉತ್ತರ ನೋಡಿ: "ಆಂಟಿ, ಅದು ಬಾಯಿಗೆ ಹಾಕ್ಕೊಳ್ಳೋಕಲ್ಲ, ಶೋಕೇಸ್‌ಗೆ." ಶೋಕೇಸ್‌ಗಂತೆ! ಪುಟ್ಟ ಮಕ್ಕಳಿಗೆ ಸೇಫ್ ಅಂದವಳು ಇವಳೇ. ಒಂದು ವರ್ಷದ ಮಗು ಗೊಂಬೆಯನ್ನು ಶೋಕೇಸಲ್ಲಿಟ್ಟು ದೂರದಿಂದ ನೋಡುತ್ತಾ? ದುಡ್ಡು ವಾಪಸ್ ಕೇಳಿದೆ. ಡಿಪಿ ಮಾಯ. ಬ್ಲಾಕ್. ವಿಡಿಯೋ ಕೆಳಗೆ ನಾನು ಹಾಕಿದ್ದ ಕಾಮೆಂಟೂ ಇಲ್ಲ.

ಸಿಟ್ಟಿಗೆ ಗ್ಯಾಸ್ ಹಚ್ಚಿ ಎಲ್ಲ ಉಂಡೆಗಳಿಂದ ಒಂದೊಂದು ಎಳೆ ಸುಟ್ಟು ನೋಡಿದೆ. ಕೆಂಪು ದಾರ, ಕಾಗದ ಸುಟ್ಟ ವಾಸನೆ ಬಂದು, ಬೂದಿಯಾಯಿತು. ಅಂದರೆ ಹತ್ತಿಯೇ, ಬಣ್ಣ ಮಾತ್ರ ನಿಲ್ಲದ್ದು. ಬೂದು ದಾರ ಕರಗಿ, ತುದಿಯಲ್ಲಿ ಗಟ್ಟಿ ಕರೀ ಮಣಿ ಆಯಿತು. ಅಕ್ರಿಲಿಕ್, ಅಂದರೆ ಸಿಂಥೆಟಿಕ್ ದಾರ. ಈ ಪರೀಕ್ಷೆ ನಮ್ಮಮ್ಮ ನನಗೆ ಹೇಳಿಕೊಟ್ಟಿದ್ದು, ಮೂರು ವಾರ ಮುಂಚೆ ಮಾಡಬೇಕಿತ್ತು, ಮಾಡಲಿಲ್ಲ. ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ, ಅಕ್ರಿಲಿಕ್ ಅಂತಲೇ ಹೇಳಿ ಮಾರಬೇಕಿತ್ತು. ಸುಳ್ಳು ಯಾಕೆ ಹೇಳಬೇಕು?

ನೀವಾದರೂ ಒಂದು ಎಳೆ ಸುಟ್ಟು ನೋಡಿ. ಗಾಢ ಬಣ್ಣವಾದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ, ಬೆಳಗ್ಗೆ ಗೊತ್ತಾಗುತ್ತೆ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ, ಕಪ್ಪು ದಾರದಲ್ಲಿ ಕಸೂತಿ ಮಾಡಿ. ಮುಂಗಡ ದುಡ್ಡು ಕೇಳಿ 'ಆಂಟಿ ಆಂಟಿ' ಅನ್ನೋರನ್ನ ನಾನಂತೂ ಇನ್ನು ನಂಬಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ಲೇ ಇಲ್ಲ, ಚಾಟಿನ ಸ್ಕ್ರೀನ್‌ಶಾಟ್ ಅಷ್ಟೇ ಗತಿ.

ಉಳಿದ ಎಂಟು ಉಂಡೆ ಬುಟ್ಟಿಯಲ್ಲೇ ಇವೆ. "ಆ ಕೆಂಪಿನಲ್ಲಿ ಬಾಗಿಲಿಗೊಂದು ತೋರಣ ಹಾಕು" ಅಂದರು ನಮ್ಮನೆಯವರು. ಒಂದು ಮಳೆ ಬಂದರೆ ಹೊಸ್ತಿಲೂ ಕೆಂಪಾಗುತ್ತೆ, ಸುಮ್ನಿರಿ ಅಂದೆ.