ಹಂಟಿಂಗ್ ಬೈನಾಕ್ಯುಲರ್ ತಗೊಂಡು ಮೈದನಹಳ್ಳಿಗೆ: ದೂರ ಅಳೆಯೋ ಲೇಸರ್ ನಮಗೆ ಬೇಕಾ?

ಮೊದ್ಲೇ ಹೇಳ್ಬಿಡ್ತೀನಿ, ಬೇಟೆಗೂ ನನಗೂ ಸಂಬಂಧ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಇಲ್ಲಿ ಯಾರಿಗೂ ಇರಲೂಬಾರ್ದು. ಆದ್ರೆ ಒಳ್ಳೆ ಬೈನಾಕ್ಯುಲರ್ ಹುಡುಕ್ತಾ ಹೋದ್ರೆ ಮುಕ್ಕಾಲು ಕಡೆ ‘ಹಂಟಿಂಗ್ ಆಪ್ಟಿಕ್ಸ್’ ಅನ್ನೋ ಬೋರ್ಡೇ ಎದುರಾಗತ್ತೆ, ಈಗೀಗ ಅದ್ರ ಜೊತೆಗೆ ‘ರೇಂಜ್‌ಫೈಂಡಿಂಗ್’, ಅಂದ್ರೆ ದೂರ ಅಳೆಯೋದು, ಅಂತ ಬೇರೆ ಸೇರ್ಕೊಂಡಿದೆ. ನಮ್ ತುಮಕೂರು ಕಡೆ ಹಕ್ಕಿ ನೋಡೋ ಹುಡುಗ್ರು ಒಂದಿಬ್ರು ಇದನ್ನ ತರಿಸ್ಲಾ ಅಂತ ಕೇಳ್ತಿದ್ರು, ಅದಕ್ಕೇ ಇಷ್ಟು ಬರೀತಿದೀನಿ.

ನನ್ ಕೈಲಿರೋದು ಭಾವನದು. ಅವ್ರು ಟೆಕ್ಸಾಸಲ್ಲಿರೋದು, ಅಲ್ಲಿ ಲೈಸೆನ್ಸ್ ತಗೊಂಡು ಜಿಂಕೆ ಸೀಸನ್‌ಗೆ ಹೋಗೋದು ಮಾಮೂಲಿ, ಹೋದ ಸಲ ಬಂದಾಗ ‘ನೀನೇ ಇಟ್ಕೊಂಡು ನೋಡಪ್ಪ, ಮುಂದಿನ ಸಲ ತಗೊಂಡ್ ಹೋಗ್ತೀನಿ’ ಅಂತ ಬಿಟ್ಟು ಹೋದ್ರು. 10×42 (ಹತ್ತು ಪಟ್ಟು ದೊಡ್ಡದಾಗಿ ತೋರ್ಸತ್ತೆ, ಮುಂದಿನ ಲೆನ್ಸ್ 42 ಮಿಲಿಮೀಟರ್ ಅಗಲ), ರಬ್ಬರ್ ಹೊದಿಕೆ, ಸುಮಾರು ಒಂದು ಕೆಜಿ ತೂಕ, ನಮ್ ದುಡ್ಡಲ್ಲಿ ಲಕ್ಷದ ಮೇಲೆ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಕೆಳಗೆ ಬೈಯೋದಿದೆ, ಒಂದೇ ಪೀಸ್ ನೋಡಿ ಹೆಸರು ಹಾಳ್ಮಾಡೋದು ಸರಿಯಲ್ಲ.

ಕೆಲ್ಸ ಮಾಡೋದು ಹೇಗೆ ಅಂದ್ರೆ, ಮೇಲೊಂದು ಬಟನ್ ಇರತ್ತೆ, ಒತ್ತಿದ್ರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಹೋಗಿ ಎದುರಿನ ವಸ್ತುಗೆ ಬಡಿದು ವಾಪಸ್ ಬರತ್ತೆ, ಹೋಗಿ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಒಳಗಿರೋ ಚಿಪ್ ಲೆಕ್ಕ ಹಾಕತ್ತೆ. 300 ಮೀಟರ್ ದೂರಕ್ಕೆ ಹೋಗಿಬರೋಕೆ ಎರಡು ಮೈಕ್ರೋಸೆಕೆಂಡ್, ಅಂದ್ರೆ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗ! ಬೇಟೆಯವ್ರಿಗೆ ಇದು ಯಾಕೆ ಬೇಕು ಅಂದ್ರೆ ಗುಂಡು ದೂರ ಹೋದಷ್ಟೂ ಕೆಳಗಿಳಿಯತ್ತೆ, ದೂರ ತಪ್ಪು ಅಂದಾಜು ಮಾಡಿದ್ರೆ ಪ್ರಾಣಿ ಗಾಯ ಆಗಿ ನರಳತ್ತೆ. ಲೈಕಾದವರು 1992ರಲ್ಲೇ ಜಿಯೋವಿಡ್ ಅಂತ ಇಂಥದ್ದೊಂದು ತಂದಿದ್ರು, ಈಗ ಝೈಸ್, ಸ್ವಾರೋವ್‌ಸ್ಕಿ, ವೋರ್ಟೆಕ್ಸ್ ಎಲ್ಲರ ಹತ್ರಾನೂ ಇದೆ. ಬೆಟ್ಟದ ಮೇಲಿಂದ ಕೆಳಗೆ ನೋಡುವಾಗ ಇಳಿಜಾರಿನ ಲೆಕ್ಕ ಕಳೆದು ಅಡ್ಡ ದೂರ ಹೇಳೋ ಆಪ್ಷನ್ ಕೂಡ ಇರತ್ತೆ. 30 ಡಿಗ್ರಿ ಇಳಿಜಾರಲ್ಲಿ ನೇರ 400 ಮೀಟರ್ ಇದ್ರೆ ಅಡ್ಡಕ್ಕೆ ಸುಮಾರು 346 ಮಾತ್ರ. ಗುಂಡು ಹೊಡೆಯೋನಿಗೆ ಬೇಕಾದ ನಂಬರ್ ಅದು, ಮಧುಗಿರಿ ಬೆಟ್ಟ ಹತ್ತಿ ಊರು ನೋಡೋ ನನಗೆ ಅದನ್ನ ಕಟ್ಕೊಂಡು ಏನಾಗ್ಬೇಕು.

ಸರಿ, ಮೈದನಹಳ್ಳಿ ಕಥೆಗೆ ಬರ್ತೀನಿ. ಮಧುಗಿರಿ ತಾಲ್ಲೂಕಲ್ಲಿ ಆಂಧ್ರ ಗಡಿ ಹತ್ರ ಇರೋ ಕೃಷ್ಣಮೃಗಗಳ ಹುಲ್ಲುಗಾವಲು, ಜಯಮಂಗಲಿ ಸಂರಕ್ಷಿತ ಪ್ರದೇಶ ಅಂತ 2007ರಲ್ಲಿ ಘೋಷಣೆ ಆಯ್ತು, 798 ಎಕರೆ, ಮಧ್ಯದಲ್ಲಿ ವಾಚ್‌ಟವರ್. ಅಲ್ಲಿ ನಿಂತು ಒಂದು ಗುಂಪು ತೋರ್ಸಿ ಎಷ್ಟು ದೂರ ಇರ್ಬೋದಣ್ಣ ಅಂತ ಅಲ್ಲಿನ ವಾಚರ್‌ನ ಕೇಳ್ದೆ, ‘ಒಂದ್ ನೂರು ಮಾರು ಇರ್ಬೋದು ಸಾ’ ಅಂದ. ಬಟನ್ ಒತ್ತಿದ್ರೆ 268 ಮೀಟರ್, ಅಂದ್ರೆ ನೂರೈವತ್ತು ಮಾರಿನ ಹತ್ರ! ಅವ್ನು ದಿನಾ ಅಲ್ಲೇ ಓಡಾಡೋನು ಕಣ್ರೀ. ಮರ ಮನೆ ಏನೂ ಇಲ್ಲದ ಬಯಲಲ್ಲಿ ಕಣ್ಣಿಗೆ ಅಳತೆ ಸಿಗಲ್ಲ, ಎಲ್ಲಾ ಹತ್ರಾನೇ ಅನ್ಸತ್ತೆ. ಈ ಒಂದು ವಿಷಯದಲ್ಲಿ ಮಿಷಿನ್‌ಗೆ ಫುಲ್ ಮಾರ್ಕ್ಸ್. ಎಷ್ಟು ದೂರಕ್ಕೆ ಬಂದ್ರೆ ಗುಂಪು ತಲೆ ಎತ್ತತ್ತೆ, ಎಷ್ಟಕ್ಕೆ ಎದ್ದು ಓಡತ್ತೆ ಅಂತ ಗೊತ್ತಾದ್ರೆ ಅದಕ್ಕಿಂತ ಹಿಂದೇನೇ ನಿಂತ್ಕೋಬೋದು, ಮರಿ ಇರೋ ಟೈಮಲ್ಲಂತೂ ಇದು ತುಂಬಾ ಮುಖ್ಯ.

ಆದ್ರೆ ಡಬ್ಬಿ ಮೇಲೆ ಬರ್ದಿರೋ ದೊಡ್ಡ ನಂಬರ್ ನಂಬ್ಬೇಡಿ. 2000 ಅಂತ ಬರ್ದಿದ್ರೆ ಅದು ಹೊಳೆಯೋ ಸೈನ್‌ಬೋರ್ಡ್ ಥರದ್ದಕ್ಕೆ, ಮರಕ್ಕೆ ಅದಕ್ಕಿಂತ ಕಮ್ಮಿ, ಜಿಂಕೆ ಮೈಗೆ ಇನ್ನೂ ಕಮ್ಮಿ, ಜೊತೆಗೆ ಅದು ಗಜದ ಲೆಕ್ಕ, ಮೀಟರ್ ಅಲ್ಲ. ಮಟಮಟ ಮಧ್ಯಾಹ್ನ ಬಿಸಿಲಿನ ಬೆಳಕೇ ಸೆನ್ಸರ್‌ಗೆ ಅಡ್ಡಿ ಮಾಡಿ ರೇಂಜ್ ಇನ್ನೂ ಕುಸಿಯತ್ತೆ, ಮಂಜಿದ್ರಂತೂ ಕೇಳ್ಲೇಬೇಡಿ, ನಂದಿ ಬೆಟ್ಟದಲ್ಲಿ ಬೆಳಗಾಗೆದ್ದು ಒತ್ತಿದ್ರೆ ಎದುರಿಗಿರೋ ಮೋಡಾನೇ ಅಳೆದು ಕೊಡ್ತಿತ್ತು. ಹುಲ್ಲುಗಾವಲಲ್ಲಿ ಮುಂದಿನ ಹುಲ್ಲಿನ ಎಸಳಿಗೇ ಲೇಸರ್ ಬಡಿದು 30 ಮೀಟರ್ 40 ಮೀಟರ್ ಅಂತ ತೋರ್ಸತ್ತೆ, ಅದಕ್ಕೆ ಸೆಟ್ಟಿಂಗಲ್ಲಿ ದೂರದ ವಸ್ತು ಹಿಡಿಯೋ ಮೋಡ್ ಹಾಕ್ಬೇಕು, ಆ ಮೆನು ಒಳಗೆ ಹೋಗಿ ಬರೋಷ್ಟ್ರಲ್ಲಿ ಕೃಷ್ಣಮೃಗ ಹಿಂದೂಪುರ ಸೇರಿರತ್ತೆ.

ನನಗೆ ಬೇಜಾರಾಗಿದ್ದು ಗಾಜಿನ ವಿಷಯ. ಒಳಗೆ ನಂಬರ್ ತೋರ್ಸೋಕೆ ಪ್ರಿಸಂ ಮೇಲೆ ಸ್ಪೆಷಲ್ ಕೋಟಿಂಗ್ ಹಾಕಿರ್ತಾರೆ, ಅದ್ರಿಂದ ನೋಟಕ್ಕೆ ಸಣ್ಣಗೆ ನೀಲಿ ಛಾಯೆ ಬರತ್ತೆ. ಬೇಟೆಯವ್ನಿಗೆ ನಡೆಯತ್ತೆ, ಹಕ್ಕಿ ಬಣ್ಣ ನೋಡಿ ಜಾತಿ ಹೇಳ್ಬೇಕಾದವ್ನಿಗೆ ನಡೆಯಲ್ಲ. ದುಬಾರಿ ಮಾಡೆಲ್‌ಗಳಲ್ಲಿ ಇದು ಕಮ್ಮಿ ಇರತ್ತೆ ಆದ್ರೆ ಅವುಗಳ ಬೆಲೆ ಕೇಳಿದ್ರೆ ಸೆಕೆಂಡ್ ಹ್ಯಾಂಡ್ ಕಾರೇ ಬರತ್ತೆ. ಇನ್ನು ಸಿಆರ್2 ಬ್ಯಾಟರಿ, ಎಂ.ಜಿ. ರೋಡಲ್ಲಿ ಅಂಗಡಿ ಅಂಗಡಿ ಸುತ್ತಿದ್ರೂ ‘ಅದನ್ನ ಈಗ ಯಾರ್ ಸಾರ್ ಕೇಳ್ತಾರೆ’ ಅನ್ನೋ ಮಾತೇ, ಕೊನೆಗೆ ಆನ್‌ಲೈನ್ ಗತಿ.

ಅದೇ ಟವರ್ ಮೇಲೆ ನನ್ನ ಹಳೇ ಸಾದಾ 8×42 ಪಕ್ಕಪಕ್ಕ ಇಟ್ಟು ನೋಡಿದೆ. ಹತ್ತು ಗಂಟೆ ದಾಟಿದ್ರೆ ಅಲ್ಲಿ ನೆಲದಿಂದ ಬಿಸಿಲುಗುದುರೆ ಏಳತ್ತೆ, 10ರ ಪವರಲ್ಲಿ ಆ ಅಲುಗಾಟಾನೂ ದೊಡ್ಡದಾಗಿ ಕಾಣೋದು, ಕೈ ನಡುಕಾನೂ ಅಷ್ಟೇ. 8ರಲ್ಲಿ ಜಾಗ ಜಾಸ್ತಿ ಕಾಣತ್ತೆ, ಹಾರೋ ಹ್ಯಾರಿಯರ್ ಅನ್ನೋ ಬೇಟೆ ಹಕ್ಕೀನ ನೋಟಕ್ಕೆ ಹಿಡಿಯೋದು ಸುಲಭ. ಬೆಳಕಿನ ಲೆಕ್ಕ ಬೇಕಾ, 42ನ್ನ 8ರಿಂದ ಭಾಗಿಸಿ, 5.25 ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರತ್ತೆ, 10×42ರಲ್ಲಿ 4.2, ಜಾತ್ರೇಲಿ ಸಿಗೋ ಪಾಕೆಟ್ ಸೈಜ್ 10×25ರಲ್ಲಿ ಬರೀ 2.5. ಮುಸ್ಸಂಜೆ ಹೊತ್ತಿಗೆ ಈ ವ್ಯತ್ಯಾಸ ಎದ್ದು ಕಾಣತ್ತೆ. ಕನ್ನಡಕ ಹಾಕೋರು ಐ ರಿಲೀಫ್ (ಪೂರ್ತಿ ನೋಟ ಕಾಣೋಕೆ ಕಣ್ಣು ಗಾಜಿಂದ ಎಷ್ಟು ದೂರ ಇರ್ಬೋದು ಅನ್ನೋದು) 16 ಮಿಲಿಮೀಟರ್ ಆದ್ರೂ ಇದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಸುತ್ತ ಕಪ್ಪು ಉಂಗುರ. ಸಿರಾ ಹತ್ರ ಕಗ್ಗಲಡುಗಂತೂ ದೂರ ಅಳೆಯೋ ಪ್ರಶ್ನೇನೇ ಇಲ್ಲ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದು, ಮರದ ಕೆಳಗೆ ಮಾತ್ರ ಬೈನಾಕ್ಯುಲರ್ ಎತ್ಕೊಂಡು ನಿಲ್ಬೇಡಿ, ಹಿಕ್ಕೆ ನೇರ ಲೆನ್ಸ್ ಮೇಲೆ!

ಹಾಗಾಗಿ ನನ್ ಮಾತು ಇಷ್ಟೇ, ಕ್ಯಾಮರಾ ಟ್ರ್ಯಾಪ್ ಇಡೋರು, ಪ್ರಾಣಿ ಎಣಿಕೆಗೆ ಹೋಗೋರು, ಅವ್ರಿಗೆ ದೂರದ ನಂಬರ್ ನಿಜವಾಗ್ಲೂ ಕೆಲ್ಸಕ್ಕೆ ಬರತ್ತೆ. ಉಳಿದವ್ರು ಅದೇ ದುಡ್ಡಲ್ಲಿ ಕಾಲು ಭಾಗ ಹಾಕಿ ಒಳ್ಳೆ ಗಾಜಿನ 8×42 ತಗೊಳ್ಳಿ, ಮಿಕ್ಕಿದ್ದು ಪೆಟ್ರೋಲಿಗೆ.

ಯಾವ್ದೇ ತಗೊಂಡ್ರೂ ನಮ್ ಕಡೆ ಅದನ್ನ ಹಾಳ್ಮಾಡೋದು ಧೂಳು. ಮೈದನಹಳ್ಳಿಯಿಂದ ಬಂದ್ರೆ ಲೆನ್ಸ್ ಮೇಲೆ ಸಣ್ಣ ಕೆಮ್ಮಣ್ಣಿನ ಪದರ ಕೂತಿರತ್ತೆ, ಅದ್ರಲ್ಲಿ ಮರಳಿನ ಚೂರು ಇರತ್ತೆ, ಅದ್ರ ಮೇಲೆ ಶರ್ಟಿನ ತುದೀಲಿ ತಿಕ್ಕಿದ್ರೆ ಕೋಟಿಂಗ್ ಗೀರಿತು ಅಂತಾನೇ ಲೆಕ್ಕ. ಮೊದ್ಲು ರಬ್ಬರ್ ಬ್ಲೋವರಲ್ಲಿ ಊದಿ, ಲೆನ್ಸ್ ಕೆಳಮುಖ ಮಾಡ್ಕೊಂಡು, ಆಮೇಲೆ ಮೆತ್ತನೆ ಬ್ರಷ್, ಆಮೇಲೂ ಎಣ್ಣೆ ಬೆರಳಚ್ಚು ಉಳಿದಿದ್ರೆ ಮಾತ್ರ ಮೈಕ್ರೋಫೈಬರ್ ಬಟ್ಟೆಗೆ ಒಂದು ಹನಿ ಲೆನ್ಸ್ ಕ್ಲೀನರ್ ಹಾಕಿ (ಬಟ್ಟೆಗೆ, ಗಾಜಿಗೆ ಅಲ್ಲ) ಮಧ್ಯದಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಬಾಯಲ್ಲಿ ಉಫ್ ಅಂತ ಊದ್ಬೇಡಿ, ಎಲೆಅಡಿಕೆ ಹಾಕಿರೋರಂತೂ ಬೇಡ್ವೇ ಬೇಡ.

ಎರಡನೇದು ಫಂಗಸ್. ಮಳೆಗಾಲದಲ್ಲಿ ಚರ್ಮದ ಕೇಸೊಳಗೆ ಹಾಕಿ ಬೀರುವಲ್ಲಿ ಇಟ್ರೆ ಒಳಗಡೆ ಜೇಡರ ಬಲೆ ಥರ ಬೆಳೆಯತ್ತೆ, ಅದು ಬಿಡೋ ಆ್ಯಸಿಡ್ ಗಾಜಿನ ಕೋಟಿಂಗನ್ನೇ ತಿನ್ನತ್ತೆ, ಆಮೇಲೆ ತೊಳೆದ್ರೂ ಕಲೆ ಹೋಗಲ್ಲ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೆಲ್ ಬಣ್ಣ ಬದಲಾದ್ರೆ ಬಿಸಿ ಮಾಡಿ ಒಣಗ್ಸಿ ವಾಪಸ್ ಹಾಕಿ, ಅಷ್ಟು ಸಾಕು. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿರೋದು ತಗೊಂಡ್ರೆ ಈ ಕಾಟ ಬಹಳ ಕಮ್ಮಿ. ರೇಂಜ್‌ಫೈಂಡರ್ ಇದ್ರೆ ಸುಮ್ನೆ ಇಡೋವಾಗ ಬ್ಯಾಟರಿ ತೆಗೆದಿಡಿ, ಸೋರಿದ್ರೆ ಬೋರ್ಡೇ ಹೋಗತ್ತೆ. ಬೇಸಿಗೇಲಿ ಕಾರ್ ಡ್ಯಾಶ್‌ಬೋರ್ಡ್ ಮೇಲೆ ಬಿಡೋದು ಬೇಡ.

ಅಂಗಡೀಲಿ ಕೊಳ್ಳೋವಾಗ ಎಸಿ ರೂಮಲ್ಲಿ ಗೋಡೆ ನೋಡ್ಬೇಡಿ, ಬಾಗಿಲಿಗೆ ಬಂದು ರಸ್ತೆ ಆಚೆ ಬೋರ್ಡಿನ ಅಕ್ಷರ ಓದಿ. ಮೊದ್ಲು ಬಲಗಣ್ಣು ಮುಚ್ಚಿ ಮಧ್ಯದ ಚಕ್ರ ತಿರುಗಿಸಿ ಎಡಗಣ್ಣಿಗೆ ಚುರುಕು ಮಾಡ್ಕೊಳ್ಳಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆ ಡಯಾಪ್ಟರ್ ಉಂಗುರ (ಬಲಗಣ್ಣಿಗೆ ಮಾತ್ರ ಫೋಕಸ್ ಸರಿಮಾಡೋದು) ತಿರುಗಿಸಿ, ಇದನ್ನ ಮಾಡ್ದೇನೇ ‘ಮಬ್ಬು’ ಅಂತ ವಾಪಸ್ ಕೊಡೋರೇ ಜಾಸ್ತಿ. ಆಮೇಲೆ ಬೈನಾಕ್ಯುಲರ್ ಹಿಡಿದ ಕೈ ಉದ್ದಕ್ಕೆ ಚಾಚಿ ಐಪೀಸಲ್ಲಿ (ಕಣ್ಣಿಡೋ ಕಡೆಯ ಗಾಜಲ್ಲಿ) ಕಾಣೋ ಬೆಳಕಿನ ಬೊಟ್ಟು ನೋಡಿ, ಪೂರ್ತಿ ಗುಂಡಗಿರ್ಬೇಕು, ಅಂಚು ಚೌಕ ಅನ್ಸಿದ್ರೆ ಪ್ರಿಸಂ ಅಗ್ಗದ್ದು. ಕೊನೇಲಿ ಸ್ವಲ್ಪ ಹೊತ್ತು ನೋಡ್ತಾನೇ ಇರಿ, ತಲೆನೋವು ಬಂದು ಕಣ್ಣು ಎಳೆದ ಹಾಗಾದ್ರೆ ಅಭ್ಯಾಸ ಆಗತ್ತೆ ಸಾರ್ ಅಂತಾರೆ, ಆಗಲ್ಲ, ಎರಡು ಕೊಳವೆ ಒಂದೇ ಕಡೆ ನೋಡ್ತಿಲ್ಲ ಅಂತ ಅರ್ಥ, ಬೇರೆ ಪೀಸ್ ಕೇಳಿ.